ಗೃಹಸಾಲದ ಕಾಗದಪತ್ರ: ಅಡ್ವಾನ್ಸ್ ಕೊಡುವ ಮೊದಲೇ ಸ್ವತ್ತಿನ ಕಡತ ನೋಡಿ

ಚೆಕ್ಕುಬಂದಿ

ಗೃಹಸಾಲ ಅಂದ ಕೂಡಲೇ ಹೆಚ್ಚಿನವರು ಸ್ಯಾಲರಿ ಸ್ಲಿಪ್, ಫಾರ್ಮ್ 16, ಪ್ಯಾನ್, ಆಧಾರ್ ಜೆರಾಕ್ಸ್ ಮಾಡಿಸಲು ಹೊರಡುತ್ತಾರೆ. ಅವೆಲ್ಲ ಒಂದು ವಾರದೊಳಗೆ ಕೈಗೆ ಸಿಗುವಂಥವು. ಸಾಲ ನಿಂತುಹೋಗುವುದು ಸ್ವತ್ತಿನ ಕಾಗದದಲ್ಲಿ, ಅದೂ ಮಾರುವವರಿಗೆ ಅಡ್ವಾನ್ಸ್ ಕೊಟ್ಟು ಕರಾರು ಬರೆಸಿದ ಮೇಲೆ. "2008ರ ವಿಭಾಗ ಪತ್ರದಲ್ಲಿ ಹೆಣ್ಣುಮಕ್ಕಳ ಸಹಿ ಇಲ್ಲ" ಎಂದು ಬ್ಯಾಂಕಿನ ಪ್ಯಾನೆಲ್ ವಕೀಲರು ಬರೆದುಕೊಟ್ಟರೆ, ಅತ್ತ ಕರಾರಿನ ಗಡುವು ಓಡುತ್ತಿರುತ್ತದೆ, ಇತ್ತ ಅಡ್ವಾನ್ಸ್ ಸಿಕ್ಕಿಹಾಕಿಕೊಂಡಿರುತ್ತದೆ.

ಹಾಗಾಗಿ ಮೊದಲು ಮಾರುವವರಿಂದ ಜೆರಾಕ್ಸ್ ಕೇಳಿ. ಬೆಂಗಳೂರಲ್ಲಿ ಕಂದಾಯ ಜಮೀನಿನ ಮೇಲೆ ಎದ್ದ ಲೇಔಟಿನ 30×40 ಸೈಟು, ಅದರಲ್ಲೊಂದು ಹಳೇ ಮನೆ ಅಂತಿಟ್ಟುಕೊಳ್ಳಿ. ಬೇಕಾದದ್ದು: ಈಗಿನ ಮಾಲೀಕರ ಕ್ರಯಪತ್ರ, ಅದರ ಹಿಂದಿನ ಪ್ರತಿ ಕೈಬದಲಾವಣೆಯ ಪತ್ರ ಮೂಲ ಪತ್ರದವರೆಗೆ, ಜಮೀನಾಗಿದ್ದ ಕಾಲದ ಪಹಣಿ ಮತ್ತು ಮ್ಯುಟೇಷನ್, ಡಿಸಿ ಕನ್ವರ್ಷನ್ (ಭೂಪರಿವರ್ತನೆ) ಆದೇಶ, ಲೇಔಟ್ ನಕ್ಷೆಯ ಅನುಮೋದನೆ, ಇ-ಖಾತೆ, ಇಸಿ (ಋಣಭಾರ ಪ್ರಮಾಣಪತ್ರ), ಈ ವರ್ಷದ ಕಂದಾಯ ರಸೀದಿ, ಕಟ್ಟಡದ ಮಂಜೂರಾದ ನಕ್ಷೆ. ಸ್ವತ್ತನ್ನು ಯಾರಾದರೂ ಜಿಪಿಎ (ಮಾಲೀಕರು ಬರೆದುಕೊಟ್ಟ ಅಧಿಕಾರ ಪತ್ರ) ಮೂಲಕ ಮಾರಿದ್ದರೆ ಆ ಜಿಪಿಎ ನೋಂದಣಿಯಾಗಿದೆಯೇ, ಮಾರಿದ ದಿನ ಅಧಿಕಾರ ಕೊಟ್ಟವರು ಬದುಕಿದ್ದರೇ ಎಂಬುದೂ ಬೇಕು. ಜಿಪಿಎ ಮತ್ತು ಕರಾರಷ್ಟೇ ಇದ್ದು ಕ್ರಯಪತ್ರವೇ ಇಲ್ಲದಿದ್ದರೆ ಅದು ಮಾಲೀಕತ್ವವಲ್ಲ ಎಂದು ಸುಪ್ರೀಂ ಕೋರ್ಟ್ 2011ರ ಸೂರಜ್ ಲ್ಯಾಂಪ್ ಪ್ರಕರಣದಲ್ಲೇ ಹೇಳಿದೆ. ಅಂಥ ಕಡತ ಹಿಡಿದು ಬ್ಯಾಂಕಿಗೆ ಹೋಗಲೇಬೇಡಿ.

ಕರಾರಿನಲ್ಲಿ ಒಂದು ಸಾಲು ತಪ್ಪದೆ ಬರೆಸಿ: "ಬ್ಯಾಂಕಿನ ಕಾನೂನು ಅಭಿಪ್ರಾಯದಲ್ಲಿ ಸ್ವತ್ತಿನ ಹಕ್ಕು ಸರಿಯಿಲ್ಲವೆಂದು ಕಂಡುಬಂದಲ್ಲಿ ಮುಂಗಡ ಹಣವನ್ನು ಇಷ್ಟು ದಿನಗಳೊಳಗೆ ಪೂರ್ತಿಯಾಗಿ ಹಿಂತಿರುಗಿಸತಕ್ಕದ್ದು." ಈ ಸಾಲಿಗೆ ಒಪ್ಪದ ಮಾರಾಟಗಾರರ ಜೊತೆ ವ್ಯವಹಾರ ಬೇಡವೇ ಬೇಡ.

ಸಾಲದ_ಕೌಂಟರ್

ಜೊತೆಗೆ ಹಣದ ಲೆಕ್ಕವೂ ಮೊದಲೇ ಆಗಬೇಕು. ಆರ್‌ಬಿಐ ಮಿತಿ ಹೀಗಿದೆ: ಸಾಲ 30 ಲಕ್ಷದವರೆಗಿದ್ದರೆ ಸ್ವತ್ತಿನ ಬೆಲೆಯ ಶೇ. 90, 30ರಿಂದ 75 ಲಕ್ಷಕ್ಕೆ ಶೇ. 80, 75 ಲಕ್ಷ ದಾಟಿದರೆ ಶೇ. 75. ಇದು ಗರಿಷ್ಠ. ಅಷ್ಟನ್ನೂ ಕೊಡಲೇಬೇಕೆಂದೇನಿಲ್ಲ. ಸ್ವತ್ತಿನ ಬೆಲೆ ಎಂದರೆ ಕರಾರಿನ ಮೊತ್ತ ಮತ್ತು ಬ್ಯಾಂಕಿನ ವ್ಯಾಲ್ಯೂಯರ್ ಕೊಟ್ಟ ಮೊತ್ತ, ಇವೆರಡರಲ್ಲಿ ಕಡಿಮೆಯದು. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಈ ಬೆಲೆಯಲ್ಲಿ ಸೇರುವುದಿಲ್ಲ (10 ಲಕ್ಷದೊಳಗಿನ ಮನೆಗೆ ಮಾತ್ರ ವಿನಾಯಿತಿ).

60 ಲಕ್ಷದ ಮನೆ ನೋಡಿ. ಸಾಲ ಹೆಚ್ಚೆಂದರೆ 48 ಲಕ್ಷ. ನಿಮ್ಮ ಪಾಲು 12 ಲಕ್ಷ. ನಗರ ಪ್ರದೇಶದಲ್ಲಿ ಮುದ್ರಾಂಕ ಶೇ. 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್ ಸೇರಿ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರ ಬದಲು 2. ಒಟ್ಟು 7.6, ಅಂದರೆ 4.56 ಲಕ್ಷ. ಹೀಗೆ ಕೈಯಲ್ಲಿ 16.56 ಲಕ್ಷ ಬೇಕು. ಪ್ರೊಸೆಸಿಂಗ್ ಫೀ, ವಕೀಲರ ಫೀ, ಬ್ಯಾಂಕಿಗೆ ಪತ್ರ ಒತ್ತೆಯಿಡುವ ಮುದ್ರಾಂಕ ಇನ್ನೂ ಬೇರೆ. ಹಳೇ ಶೇ. 1ರ ಲೆಕ್ಕ ಹಿಡಿದು ಬಂದವರಿಗೆ ಕೊನೇ ಗಳಿಗೆಯಲ್ಲಿ 60 ಸಾವಿರ ಕಡಿಮೆ ಬೀಳುತ್ತದೆ.

ನಿಮ್ಮ ಪಾಲಿನ ಹಣ ಎಲ್ಲಿಂದ ಬಂತು ಅನ್ನುವುದಕ್ಕೂ ಕಾಗದ ಬೇಕು. ಎಫ್‌ಡಿ ಮುರಿದದ್ದಾದರೆ ಅದರ ರಸೀದಿ, ಅಪ್ಪ ಅಮ್ಮ ಕೊಟ್ಟದ್ದಾದರೆ ಖಾತೆಯಿಂದ ಖಾತೆಗೆ ವರ್ಗವಾದ ದಾಖಲೆ ಮತ್ತು ಒಂದು ಸರಳ ಉಡುಗೊರೆ ಪತ್ರ. ನಗದಾಗಿ ತುಂಬಿದ ದೊಡ್ಡ ಮೊತ್ತ ಸ್ಟೇಟ್‌ಮೆಂಟಿನಲ್ಲಿ ಕಂಡರೆ ಕ್ರೆಡಿಟ್ ವಿಭಾಗದವರು ವಿವರಣೆ ಕೇಳದೆ ಬಿಡುವುದಿಲ್ಲ.

ಹೊಸಮನೆ_ಕನಸು

ಇಸಿ 13 ವರ್ಷದ್ದು ಸಾಕು ಅಂತ ಮಧ್ಯವರ್ತಿ ಹೇಳುತ್ತಾರೆ, ಬ್ಯಾಂಕಿನವರು 30 ವರ್ಷ ಕೇಳುತ್ತಾರೆ. ಯಾವುದು ಸರಿ? ಮಾರುವವರು ಕೊಟ್ಟಿರುವುದು ನಮೂನೆ 16. ಏನೂ ಋಣಭಾರ ಇಲ್ಲ ಅಂತ ಇದೆ. ಅದು ಒಳ್ಳೆಯದೇ ಅಲ್ವಾ ಸರ್?

ಚೆಕ್ಕುಬಂದಿ

@ಹೊಸಮನೆ_ಕನಸು ಒಳ್ಳೆಯದಲ್ಲ ಮೇಡಂ, ಅನುಮಾನದಿಂದ ನೋಡಬೇಕಾದ ಕಾಗದ ಅದು. ನಮೂನೆ 15ರಲ್ಲಿ ಆ ಅವಧಿಯ ವ್ಯವಹಾರಗಳೆಲ್ಲ ಬರುತ್ತವೆ. ನಮೂನೆ 16 ಅಂದರೆ ಆ ಅವಧಿಯಲ್ಲಿ ಯಾವ ನೋಂದಣಿಯೂ ಕಂಡುಬಂದಿಲ್ಲ ಎಂದರ್ಥ. ಮಾರುವವರು ಆ ಅವಧಿಯೊಳಗೇ ಕೊಂಡಿದ್ದರೆ ಅವರದೇ ಕ್ರಯಪತ್ರ ಅಲ್ಲಿ ಕಾಣಬೇಕಿತ್ತು. ಕಾಣದಿದ್ದರೆ ಹುಡುಕಿದ ರೀತಿಯೇ ತಪ್ಪು. ಯಾವ ಇಸಿ ಕೈಗೆ ಬಂದರೂ ಮೊದಲು ಮಾಡುವ ಪರೀಕ್ಷೆ ಇದೇ: ಗೊತ್ತಿರುವ ಒಂದು ನೋಂದಣಿ ಅದರಲ್ಲಿ ಇದೆಯೇ ನೋಡಿ.

ಹುಡುಕಾಟ ತಪ್ಪಲು ಕಾರಣ ಇದೆ. ಒಂದೇ ಸ್ವತ್ತಿಗೆ ಕಾಲಕಾಲಕ್ಕೆ ಬೇರೆ ಬೇರೆ ಗುರುತು ಬಿದ್ದಿರುತ್ತದೆ. ಮೊದಲು ಸರ್ವೆ ನಂಬರ್, ಆಮೇಲೆ ಪಂಚಾಯಿತಿಯ ಖಾನೇಷುಮಾರಿ ನಂಬರ್, ಆಮೇಲೆ ನಗರಸಭೆ ಖಾತಾ ನಂಬರ್, ಪಾಲಿಕೆಗೆ ಸೇರಿದ ಮೇಲೆ ಪಿಐಡಿ (ಆಸ್ತಿ ಗುರುತಿನ ಸಂಖ್ಯೆ). ಹೊಸ ನಂಬರನ್ನಷ್ಟೇ ಕೊಟ್ಟರೆ ಹಳೆಯ ನೋಂದಣಿಗಳು ಸಿಗುವುದಿಲ್ಲ. ಕಾವೇರಿ ಪೋರ್ಟಲಿನಲ್ಲಿ ಅರ್ಜಿ ಹಾಕುವಾಗ ಎಲ್ಲ ನಂಬರುಗಳನ್ನೂ, ನಾಲ್ಕೂ ದಿಕ್ಕಿನ ಚೆಕ್ಕುಬಂದಿಯನ್ನೂ (ಎಲ್ಲೆಗಳನ್ನೂ) ಕ್ರಯಪತ್ರದ ಷೆಡ್ಯೂಲಿನಲ್ಲಿ (ಸ್ವತ್ತಿನ ವಿವರದಲ್ಲಿ) ಇದ್ದ ಹಾಗೇ ತುಂಬಿ. ಹಿಂದೆ ಆ ಊರು ಬೇರೆ ಉಪನೋಂದಣಾಧಿಕಾರಿ ಕಚೇರಿಗೆ ಸೇರಿದ್ದರೆ ಅಲ್ಲಿನ ಇಸಿಯೂ ಬೇಕು.

13 ಮತ್ತು 30ರ ವಿಷಯ: ಬ್ಯಾಂಕ್ ಕೇಳಿದಷ್ಟು ಕೊಡಬೇಕು, ಆದರೆ ನಿಮ್ಮ ಸಲುವಾಗಿಯೇ 30 ವರ್ಷದ್ದು ತೆಗೆಸಿ. 2004ರ ಏಪ್ರಿಲ್ 1ರಿಂದ ಈಚಿನದು ಆನ್‌ಲೈನಿನಲ್ಲಿ ಡಿಜಿಟಲ್ ಸಹಿಯೊಂದಿಗೆ ಬರುತ್ತದೆ. ಹಿಂದಿನದಕ್ಕೆ ಕಚೇರಿಯಲ್ಲಿ ಹಳೇ ಪುಸ್ತಕ ತೆರೆಯಬೇಕು, ಹೆಚ್ಚು ದಿನ ಹಿಡಿಯುವುದೂ ಅಲ್ಲೇ. ಆದ್ದರಿಂದ ಮೊದಲು ಅರ್ಜಿ ಹಾಕಬೇಕಾದದ್ದು ಹಳೆಯ ಇಸಿಗೆ. ಹೊಸದನ್ನು ಹೇಗೂ ಸಾಲ ಬಿಡುಗಡೆಗೆ ಮುನ್ನ ಆ ದಿನದವರೆಗೆ ಮತ್ತೊಮ್ಮೆ ತೆಗೆಸಬೇಕು.

ಇಸಿಯಲ್ಲಿ ನೋಂದಣಿಯಾದದ್ದಷ್ಟೇ ಕಾಣುತ್ತದೆ. ನೋಂದಣಿಯಾಗದ ಕರಾರು, ನಡೆಯುತ್ತಿರುವ ದಾವೆ, ಬಾಯಿಮಾತಿನ ಪಾಲು ಕಾಣುವುದಿಲ್ಲ.

ಪೌತಿ_ಖಾತೆ

ಪಾಲಿನ ವಿಷಯಕ್ಕೆ ಬರೋಣ, ಪಿತ್ರಾರ್ಜಿತ ಸ್ವತ್ತು ಕೊಳ್ಳುವವರು ಹೆಚ್ಚು ಎಡವುವುದು ಇಲ್ಲಿ. ತಂದೆ ತೀರಿಕೊಂಡ ಮೇಲೆ ಮಗನ ಹೆಸರಿಗೆ ಪೌತಿ ಖಾತೆ ಆಗಿರುತ್ತದೆ. ಖಾತೆ ಅವರ ಹೆಸರಲ್ಲಿದೆ, ಕಂದಾಯ ಅವರೇ ಕಟ್ಟುತ್ತಾರೆ, ಹಾಗಾಗಿ ಮಾಲೀಕರು ಅವರೊಬ್ಬರೇ ಅಂದುಕೊಳ್ಳುತ್ತಾರೆ. ಖಾತೆ ಕಂದಾಯದ ಲೆಕ್ಕಕ್ಕೆ, ಅದರಿಂದ ಹಕ್ಕು ಹುಟ್ಟುವುದಿಲ್ಲ. ವಿಲ್ ಇಲ್ಲದಿದ್ದರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತೀರಿಕೊಂಡವರ ತಾಯಿ ಇದ್ದರೆ ಅವರೂ ಸೇರಿ ಎಲ್ಲರಿಗೂ ಪಾಲುಂಟು. ಮಗಳಿಗೆ ಹುಟ್ಟಿನಿಂದಲೇ ಸಮಪಾಲು, 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಬಂದಾಗ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ವಿನೀತಾ ಶರ್ಮಾ ಪ್ರಕರಣದಲ್ಲಿ 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಆದ ಮಾರಾಟದಂಥ ಪರಭಾರೆಗೆ, ನೋಂದಾಯಿತ ಅಥವಾ ಕೋರ್ಟ್ ಡಿಕ್ರಿಯ ವಿಭಾಗಕ್ಕೆ ಮಾತ್ರ ರಕ್ಷಣೆ ಇದೆ.

ಕರ್ನಾಟಕಕ್ಕೆ ಇನ್ನೊಂದು ಸೂಕ್ಷ್ಮ: ನಮ್ಮಲ್ಲಿ 1994ರ ಜುಲೈ 30ರಿಂದಲೇ, ಆಗ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ರಾಜ್ಯದ ತಿದ್ದುಪಡಿ ಪಾಲು ಕೊಟ್ಟಿತ್ತು. ಆದ್ದರಿಂದ 1994 ಮತ್ತು 2004ರ ನಡುವಿನ ವಿಭಾಗ ಪತ್ರವನ್ನು ವಕೀಲರು ಇನ್ನೂ ಒತ್ತಿ ನೋಡುತ್ತಾರೆ.

ಕಡತದಲ್ಲಿ ಇರಬೇಕಾದದ್ದು: ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಎಲ್ಲ ವಾರಸುದಾರರೂ ಸಹಿ ಹಾಕಿದ ನೋಂದಾಯಿತ ವಿಭಾಗ ಪತ್ರ ಅಥವಾ ಹಕ್ಕು ಬಿಡುಗಡೆ ಪತ್ರ. ಇವೆರಡೂ ಇಲ್ಲದಿದ್ದರೆ ಈಗಿನ ಕ್ರಯಪತ್ರಕ್ಕೇ ಎಲ್ಲರೂ ಮಾರಾಟಗಾರರಾಗಿ ಬರಬೇಕು. "ತಂಗಿ ಸಾಕ್ಷಿ ಸಹಿ ಹಾಕುತ್ತಾಳೆ ಬಿಡಿ" ಅಂದರೆ ಒಪ್ಪಬೇಡಿ. ಸಾಕ್ಷಿಯಾಗಿ ಹಾಕಿದ ಸಹಿ ಪಾಲು ಬಿಟ್ಟಂತೆ ಆಗುವುದಿಲ್ಲ. ವಾರಸುದಾರರಲ್ಲಿ ಅಪ್ರಾಪ್ತರಿದ್ದರೆ ನ್ಯಾಯಾಲಯದ ಅನುಮತಿಯ ಪ್ರಶ್ನೆ ಬರುತ್ತದೆ. ಅದಕ್ಕೆ ಹಿಡಿಯುವ ಕಾಲ ನೋಡಿದರೆ ಬೇರೆ ಮನೆ ಹುಡುಕುವುದೇ ವಾಸಿ.

ಕಡತ_ನೋಡುವವ

ಮೇಲಿನದಕ್ಕೆ ಒಂದು ಸೇರ್ಪಡೆ. ಮೂಲ ಜಮೀನು ಸರ್ಕಾರ ಮಂಜೂರು ಮಾಡಿದ್ದೋ ಎಂದು ತಪ್ಪದೆ ನೋಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಡಿ (ಇಂಥ ಜಮೀನಿನ ವರ್ಗಾವಣೆ ತಡೆಯುವ ಕಾಯ್ದೆ) ಸರ್ಕಾರದ ಪೂರ್ವಾನುಮತಿ ಇಲ್ಲದ ಪರಭಾರೆ ಊರ್ಜಿತವಲ್ಲ. ಇಂಥ ದೂರಿಗೆ ಕಾಲಮಿತಿಯೂ ಇಲ್ಲ ಎನ್ನುತ್ತದೆ 2023ರ ತಿದ್ದುಪಡಿ. ಅದಕ್ಕೇ ಪ್ಯಾನೆಲ್ ವಕೀಲರು ಜಮೀನು ಅಂಥದ್ದಲ್ಲ ಎಂಬ ತಹಶೀಲ್ದಾರ್ ಕಚೇರಿಯ ಹಿಂಬರಹ (ಲಿಖಿತ ಉತ್ತರ) ಕೇಳುವುದು. ಗೇಣಿ ಜಮೀನಾಗಿದ್ದರೆ ಭೂನ್ಯಾಯಮಂಡಳಿಯ ಆದೇಶ ಮತ್ತು ನಮೂನೆ 10 (ಗೇಣಿದಾರರಿಗೆ ಸಿಕ್ಕ ಹಕ್ಕಿನ ಪ್ರಮಾಣಪತ್ರ) ಬೇಕು. ಈ ಕಾಗದ ಕೇಳಿದಾಗ ಬಿಲ್ಡರ್ ಕಡೆಯವರು "ಇಷ್ಟೆಲ್ಲ ಯಾರೂ ಕೇಳಲ್ಲ" ಅನ್ನುತ್ತಾರೆ. ಕೇಳಬೇಕು.

ಹುಬ್ಳಿ_ಮಂದಿ

ಬೆಂಗಳೂರು ಬಿಟ್ಟು ನಮ್ಮ ಕಡೆ ಬಂದ್ರ ಹೆಸರು ಬ್ಯಾರೆ ಅದಾವ್ರಿ, ಗೊಂದಲ ಬ್ಯಾಡ. ಇಲ್ಲಿ ಖಾತಾ ಅನ್ನೂದಕ್ಕಿಂತ ಉತಾರ ಅಂತಾರ. ಸಿಟಿ ಸರ್ವೆ ಆಗಿರೋ ಜಾಗಕ್ಕ ಸಿಟಿಎಸ್ ನಂಬರ್ ಇರತದ, ಅದರ ಪಿ.ಆರ್. ಕಾರ್ಡ್ (ಆಸ್ತಿ ದಾಖಲೆ) ಬೇಕಾಗತದ. ಜಮೀನು ಎನ್.ಎ. (ಕೃಷಿಯೇತರ) ಆಗಿ ಪ್ಲಾಟ್ ಬಿದ್ದಿದ್ರ ಕೆಜೆಪಿ, ಅಂದ್ರ ಕಮ್ಮಿ ಜಾಸ್ತಿ ಪತ್ರಕ, ಬ್ಯಾಂಕಿನವ್ರು ಕೇಳೇ ಕೇಳತಾರ. ಮೂಲ ರಿ.ಸ. (ಸರ್ವೆ) ನಂಬರಿನಾಗ ಎಷ್ಟು ಗುಂಟೆ ಇತ್ತು, ಅದರಾಗ ಯಾವ ಪ್ಲಾಟಿಗೆ ಎಷ್ಟು ಹೋತು ಅನ್ನೂದು ಅದರಾಗ ಇರತದ. ಕೆಜೆಪಿ ಆಗದ ಪ್ಲಾಟು ಪಹಣಿಯೊಳಗ ಇನ್ನೂ ಹೊಲದ ಮಾಲೀಕನ ಹೆಸರಿನಾಗೇ ಉಳಕೊಂಡಿರತದ. ಅಲ್ಲೇ ಸಾಲ ನಿಂದರತದ. ಪಿ.ಆರ್. ಕಾರ್ಡಿನಾಗ ಹಳೇ ಬ್ಯಾಂಕಿನ ಬೋಜಾ (ಸಾಲದ ಭಾರ) ಕುಂತಿದ್ರ ಮಾರೋರ ಕಡಿಂದನ ಕಮ್ಮಿ ಮಾಡಸ್ರಿ, ಕೊಂಡ ಮ್ಯಾಲ ನಿಮ್ಮ ತಲಿಗೆ ಬರತದ.

ಸಿರ್ಸಿಯಿಂದ

ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತಿನ (ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆಯ) ನಮೂನೆ 9 ಮತ್ತು 11ಎ ಇದ್ದರೆ ಬ್ಯಾಂಕಿನಲ್ಲಿ ಮಾತು ಮುಂದುವರಿಯುತ್ತದೆ. 11ಬಿ ಕೊಟ್ಟರೆ ಹೇಗೆ? "ಅದೂ ಇ-ಸ್ವತ್ತೇ, ಏನೂ ವ್ಯತ್ಯಾಸ ಇಲ್ಲ" ಎಂದು ಸೈಟ್ ಮಾರುವವರು ಹೇಳುತ್ತಾರೆ.

ಸಾಲದ_ಕೌಂಟರ್

ವ್ಯತ್ಯಾಸ ಇದೆ. 9 ಮತ್ತು 11ಎ ಸಿಗುವುದು ಗ್ರಾಮಠಾಣಾ (ಊರಿನ ವಾಸದ ಜಾಗ) ಒಳಗಿನ ಸ್ವತ್ತಿಗೆ, ಕನ್ವರ್ಷನ್ ಹಾಗೂ ನಕ್ಷೆ ಅನುಮೋದನೆ ಎರಡೂ ಆದ ನಿವೇಶನಕ್ಕೆ, ಸರ್ಕಾರಿ ಯೋಜನೆಯ ಮನೆಗೆ. ಹಾಗೆ ಕ್ರಮಬದ್ಧವಾಗಿಲ್ಲದ, ಆದರೆ ಪಂಚಾಯಿತಿ ತೆರಿಗೆ ವಸೂಲಿ ಮಾಡುತ್ತಿರುವ ಸ್ವತ್ತಿಗೆ 11ಬಿ. ರಾಷ್ಟ್ರೀಕೃತ ಬ್ಯಾಂಕುಗಳು ಸಾಮಾನ್ಯವಾಗಿ 11ಬಿ ಮೇಲೆ ಸಾಲ ಕೊಡುವುದಿಲ್ಲ. ಕೆಲವು ಹೌಸಿಂಗ್ ಫೈನಾನ್ಸ್ ಕಂಪನಿಗಳು ಹೆಚ್ಚು ಬಡ್ಡಿಗೆ, ಕಡಿಮೆ ಮೊತ್ತಕ್ಕೆ ಕೊಡುತ್ತವೆ. ಪೇಟೆಯ ಬಿ ಖಾತೆಯ ಕಥೆಯೂ ಇದೇ. ಮುಂದೆ ಮಾರುವಾಗ ಕೊಳ್ಳುವವರಿಗೂ ಸಾಲ ಸಿಗದು, ಬೆಲೆ ಇಳಿಯುತ್ತದೆ. ಆ ಲೆಕ್ಕ ಈಗಲೇ ಹಾಕಿಕೊಳ್ಳಿ.

2024ರ ಅಕ್ಟೋಬರಿನಿಂದ ನೋಂದಣಿಗೇ ಇ-ಖಾತೆ ಕಡ್ಡಾಯವಾಗಿದೆ. ಅದು ಮಾರುವವರ ಹೆಸರಿನಲ್ಲಿ ಸಿದ್ಧವಿರಬೇಕು. ಬೆಂಗಳೂರಲ್ಲಿ ಅದಕ್ಕೆ ಕ್ರಯಪತ್ರ, ಇಸಿ, ಆಸ್ತಿ ತೆರಿಗೆಯ ಅರ್ಜಿ ಸಂಖ್ಯೆ, ಬೆಸ್ಕಾಂ ಖಾತೆ ಸಂಖ್ಯೆ, ಸ್ವತ್ತಿನ ಫೋಟೋ, ಪ್ರತಿ ಮಾಲೀಕರ ಆಧಾರ್ ಇ-ಕೆವೈಸಿ ಬೇಕು. ಮೂವರು ಮಾಲೀಕರಲ್ಲಿ ಒಬ್ಬರು ವಿದೇಶದಲ್ಲಿದ್ದು ಅವರ ಆಧಾರಿಗೆ ಜೋಡಿಸಿದ ಮೊಬೈಲ್ ಚಾಲ್ತಿಯಲ್ಲಿ ಇಲ್ಲದಿದ್ದರೆ ಓಟಿಪಿ ಬರುವುದಿಲ್ಲ, ಇಡೀ ಕಡತ ಅಲ್ಲೇ ನಿಲ್ಲುತ್ತದೆ.

ಹೊಸಮನೆ_ಕನಸು

ಇ-ಖಾತೆಯಲ್ಲಿ ಸೈಟಿನ ಅಳತೆ 111.42 ಚದರ ಮೀಟರ್ ಅಂತಿದೆ. ಕ್ರಯಪತ್ರದಲ್ಲಿ 1200 ಚದರ ಅಡಿ, ಅಂದರೆ 111.48 ಬರಬೇಕು. ತಿದ್ದುಪಡಿ ಪತ್ರ ಮಾಡಿಸಬೇಕಾ?

ಚೆಕ್ಕುಬಂದಿ

ಬೇಡ. 30 ಅಡಿಯನ್ನು 9.14, 40 ಅಡಿಯನ್ನು 12.19 ಎಂದು ಎರಡು ದಶಮಾಂಶಕ್ಕೆ ಕತ್ತರಿಸಿ ಗುಣಿಸಿದರೆ 111.42 ಬರುತ್ತದೆ. ವ್ಯತ್ಯಾಸ ಒಂದು ಚದರ ಅಡಿಗಿಂತ ಕಡಿಮೆ. ಯಾವ ವಕೀಲರೂ ಇದಕ್ಕೆ ತಕರಾರು ತೆಗೆಯುವುದಿಲ್ಲ.

ತಕರಾರು ಬರುವುದು ಬೇರೆ ಕಡೆ. ಪೂರ್ವ-ಪಶ್ಚಿಮ 30, ಉತ್ತರ-ದಕ್ಷಿಣ 40 ಇರಬೇಕಾದಲ್ಲಿ ಅದಲುಬದಲಾಗಿರುವುದು. ಪೂರ್ವಕ್ಕೆ "ಸೈಟ್ ನಂ. 14" ಇದ್ದದ್ದು ಮುಂದಿನ ಪತ್ರದಲ್ಲಿ "ರಸ್ತೆ" ಆಗಿರುವುದು. ರಸ್ತೆ ಬಂದರೆ ಮೂಲೆ ಸೈಟು ಎಂದಾಯಿತು, ಮಾರ್ಗಸೂಚಿ ಬೆಲೆಯೇ (ಸರ್ಕಾರ ಗೊತ್ತುಮಾಡಿದ ಬೆಲೆ) ಬದಲಾಗುತ್ತದೆ. ಇದಕ್ಕೆ ನೋಂದಾಯಿತ ತಿದ್ದುಪಡಿ ಪತ್ರವೇ ಬೇಕು, ಅದಕ್ಕೆ ಆಗಿನ ಮಾರಾಟಗಾರರೇ ಬಂದು ಸಹಿ ಹಾಕಬೇಕು. ಅವರು ತೀರಿಕೊಂಡಿದ್ದರೆ ಅವರ ವಾರಸುದಾರರು. ಹಾಗಾಗಿ ಸರಪಳಿಯ ಎಲ್ಲ ಪತ್ರಗಳ ಷೆಡ್ಯೂಲನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆದು ನೋಡಿ. ಅರ್ಧ ಗಂಟೆಯ ಕೆಲಸ.

ಹೆಸರಿನದೂ ಹೀಗೇ. ಹಳೇ ಪತ್ರದಲ್ಲಿ "ರಾಮಯ್ಯ ಬಿನ್ ಲೇಟ್ ತಿಮ್ಮಯ್ಯ", ಆಧಾರಿನಲ್ಲಿ "ಟಿ. ರಾಮಯ್ಯ", ಪ್ಯಾನಿನಲ್ಲಿ ಇನಿಷಿಯಲ್ ಬಿಡಿಸಿ "ತಿಮ್ಮಯ್ಯ ರಾಮಯ್ಯ". ಮೂವರೂ ಒಬ್ಬರೇ ಎಂದು ನೋಟರಿ ಅಫಿಡವಿಟ್ ಸಾಕಾಗುತ್ತದೆ. ಜೊತೆಗೆ ಕ್ರಯಪತ್ರದಲ್ಲೇ "ಉರುಫ್" ಎಂದು ಎರಡೂ ಹೆಸರು ಬರೆಸಿ. "ಕೋಂ" ಎಂದು ಗಂಡನ ಹೆಸರಿನಿಂದ ಗುರುತಿಸಿದ ಹೆಣ್ಣುಮಗಳ ಆಧಾರಿನಲ್ಲಿ ತಂದೆಯ ಹೆಸರಿದ್ದರೆ ಮದುವೆ ನೋಂದಣಿ ಪತ್ರವನ್ನೋ ಹಳೆಯ ಪಡಿತರ ಚೀಟಿಯನ್ನೋ ಜೋಡಿಸಿ.

ಸಾಲದ_ಕೌಂಟರ್

ಆದಾಯದ ಕಡತ ಬೇಗ ಮುಗಿಸುತ್ತೇನೆ. ಸಂಬಳದವರಿಗೆ 3 ತಿಂಗಳ ಸ್ಲಿಪ್, 6 ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, 2 ವರ್ಷದ ಫಾರ್ಮ್ 16, ಎ ಮತ್ತು ಬಿ ಎರಡೂ ಭಾಗ. ಕೆಲಸ ಬದಲಿಸಿದ್ದರೆ ಹಳೇ ಕಂಪನಿಯ ರಿಲೀವಿಂಗ್ ಲೆಟರ್. ಸ್ಟೇಟ್‌ಮೆಂಟ್ ನೆಟ್‌ಬ್ಯಾಂಕಿಂಗಿನಿಂದ ಇಳಿಸಿದ ಮೂಲ ಪಿಡಿಎಫ್ ಆಗಿರಲಿ. ಮೊಬೈಲಿನ ಸ್ಕ್ರೀನ್‌ಶಾಟನ್ನು, ಸ್ಕ್ಯಾನ್ ಮಾಡಿದ ಪ್ರತಿಯನ್ನು ಬ್ಯಾಂಕಿನ ತಂತ್ರಾಂಶ ಓದುವುದಿಲ್ಲ.

ಸ್ವಂತ ವ್ಯಾಪಾರದವರಿಗೆ 3 ವರ್ಷದ ರಿಟರ್ನ್, ಆದಾಯದ ಲೆಕ್ಕಾಚಾರದ ಹಾಳೆ, ಲಾಭನಷ್ಟ ಪಟ್ಟಿ, ಬ್ಯಾಲೆನ್ಸ್ ಶೀಟ್, ಜಿಎಸ್‌ಟಿ ರಿಟರ್ನ್, 12 ತಿಂಗಳ ಕರೆಂಟ್ ಖಾತೆ ಸ್ಟೇಟ್‌ಮೆಂಟ್. ಮೂರೂ ವರ್ಷದ ರಿಟರ್ನ್ ಹತ್ತಿರ ಹತ್ತಿರದ ದಿನಾಂಕದಲ್ಲಿ ಸಲ್ಲಿಕೆಯಾಗಿದ್ದರೆ ಸಾಲಕ್ಕಾಗಿಯೇ ತುಂಬಿದ್ದೆಂದು ಪಕ್ಕಕ್ಕಿಡುತ್ತಾರೆ. ಇ-ವೆರಿಫೈ ಆಗದ ರಿಟರ್ನ್ ಸಲ್ಲಿಸದಿದ್ದಂತೆಯೇ.

ಕ್ರೆಡಿಟ್ ರಿಪೋರ್ಟನ್ನು ಅರ್ಜಿಗೆ ಎರಡು ತಿಂಗಳ ಮುಂಚೆ ನೀವೇ ತೆಗೆದು ನೋಡಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ನಾಲ್ಕೂ ವರ್ಷಕ್ಕೊಂದು ಪೂರ್ತಿ ವರದಿ ಉಚಿತವಾಗಿ ಕೊಡಬೇಕು. ಮುಗಿದ ಸಾಲ ಇನ್ನೂ ಚಾಲ್ತಿಯಲ್ಲಿದೆ ಎಂದು ಇದ್ದರೆ ದೂರು ಕೊಡಿ. 30 ದಿನದಲ್ಲಿ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಎಂಬ ಆರ್‌ಬಿಐ ನಿಯಮ 2024ರ ಏಪ್ರಿಲ್‌ನಿಂದ ಇದೆ. "ಸೆಟಲ್ಡ್" ಎಂದು ಇದ್ದರೆ ಅದು "ಕ್ಲೋಸ್ಡ್" ಅಲ್ಲ. ಬಾಕಿ ತುಂಬಿ ನೋ ಡ್ಯೂಸ್ ಪತ್ರ ಪಡೆದು ತಿದ್ದಿಸಬೇಕು.

ಸಹಮಾಲೀಕರು ಸಹ-ಅರ್ಜಿದಾರರಾಗಲೇಬೇಕು. ಸಹ-ಅರ್ಜಿದಾರರು ಮಾಲೀಕರಾಗಿರಲೇಬೇಕೆಂದಿಲ್ಲ.

ದೋಹಾ_ಕನ್ನಡಿಗ

ಗಲ್ಫ್‌ನಲ್ಲಿ, ಅಮೆರಿಕದಲ್ಲಿ ಇರುವವರು ಊರಿನ ಅಣ್ಣನಿಗೋ ಅಪ್ಪನಿಗೋ ಪವರ್ ಆಫ್ ಅಟಾರ್ನಿ ಕಳಿಸುವಾಗ ಗಮನಿಸಿ: ರಾಯಭಾರ ಕಚೇರಿಯಲ್ಲಿ ದೃಢೀಕರಿಸಿದ ಪತ್ರ ಭಾರತಕ್ಕೆ ತಲುಪಿದ 3 ತಿಂಗಳೊಳಗೆ ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಮುದ್ರಾಂಕ ಕಟ್ಟಿಸಬೇಕು. ಕೊರಿಯರ್ ಲಕೋಟೆಯನ್ನು ಬಿಸಾಡಬೇಡಿ, ತಲುಪಿದ ದಿನಕ್ಕೆ ಅದೇ ಪುರಾವೆ. ಪತ್ರದಲ್ಲಿ "ಸಾಲ ಪಡೆಯಲು, ಸಾಲದ ದಾಖಲೆಗಳಿಗೆ ಸಹಿ ಹಾಕಲು, ಹಕ್ಕುಪತ್ರಗಳನ್ನು ಒತ್ತೆಯಿಡಲು" ಎಂಬ ಮೂರೂ ಅಧಿಕಾರ ಬಿಡಿಬಿಡಿಯಾಗಿ ಬರೆಸಿ. ಬ್ಯಾಂಕಿನದೇ ಕರಡು ಇರುತ್ತದೆ, ಅದನ್ನು ಮೊದಲೇ ತರಿಸಿಕೊಳ್ಳುವುದು ಲೇಸು. ಇನ್ನು ಮಾರುವವರೇ ಅನಿವಾಸಿಯಾಗಿದ್ದರೆ ಅವರಿಗೆ ಕೊಡುವ ಹಣದಿಂದ ಕಡಿತ ಮಾಡುವ ತೆರಿಗೆ (ಟಿಡಿಎಸ್) ಶೇ. 1 ಅಲ್ಲ, ನಿಯಮವೇ ಬೇರೆ. ಲೆಕ್ಕ ಪರಿಶೋಧಕರನ್ನು ಕೇಳದೆ ಒಂದು ರೂಪಾಯಿಯೂ ಕೊಡಬೇಡಿ.

ಕಡತ_ನೋಡುವವ

ಶೇ. 1 ಬಗ್ಗೆ: ಮಾರುವವರು ನಿವಾಸಿಗಳಾಗಿದ್ದು ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ ಕೊಳ್ಳುವವರು ಇಡೀ ಮೊತ್ತದ ಮೇಲೆ ಕಡಿತ ಮಾಡಬೇಕು, 50 ಲಕ್ಷ ಮೀರಿದ್ದಕ್ಕೆ ಮಾತ್ರ ಅಲ್ಲ. 60 ಲಕ್ಷಕ್ಕೆ 60 ಸಾವಿರ. ಚಲನ್ನಿನ ಪ್ರತಿಯನ್ನು ಬ್ಯಾಂಕ್ ಕೇಳುತ್ತದೆ. ಡಿಡಿ ಮೊತ್ತವನ್ನು ಇದನ್ನು ಕಳೆದೇ ಬರೆಸಿ.

ಹೊಸಮನೆ_ಕನಸು

ಮಾರುವವರ ಸಾಲ ಇನ್ನೂ ಬೇರೆ ಬ್ಯಾಂಕಿನಲ್ಲಿದೆ, ಮೂಲ ಪತ್ರಗಳೆಲ್ಲ ಅಲ್ಲೇ ಇವೆ ಎಂದರೆ ಆ ಮನೆ ಬಿಡುವುದೇ ಒಳ್ಳೆಯದಾ?

ಸಾಲದ_ಕೌಂಟರ್

ಬಿಡಬೇಕಿಲ್ಲ. ಇನ್ನೊಂದು ಬ್ಯಾಂಕಿನ ವಕೀಲರು ಒಮ್ಮೆ ನೋಡಿ ಒಪ್ಪಿದ ಸ್ವತ್ತು ಎನ್ನುವುದು ಒಂದು ಅನುಕೂಲವೇ. ಮಾರುವವರು ತಮ್ಮ ಬ್ಯಾಂಕಿನಿಂದ ಮೂರು ಕಾಗದ ತರಬೇಕು: ಇಂಥ ದಿನಕ್ಕೆ ಇಷ್ಟು ಕಟ್ಟಿದರೆ ಸಾಲ ಮುಗಿಯುತ್ತದೆ ಎಂಬ ಫೋರ್‌ಕ್ಲೋಷರ್ ಪತ್ರ, ತಮ್ಮಲ್ಲಿರುವ ಮೂಲ ದಾಖಲೆಗಳ ಪಟ್ಟಿ, ಪೂರ್ತಿ ಜೆರಾಕ್ಸ್ ಸೆಟ್ಟು. ನಿಮ್ಮ ಬ್ಯಾಂಕಿನ ಮೊದಲ ಡಿಡಿ ಆ ಬ್ಯಾಂಕಿನ ಸಾಲದ ಖಾತೆಗೆ, ಉಳಿದದ್ದು ಮಾರುವವರಿಗೆ. ಫೋರ್‌ಕ್ಲೋಷರ್ ಮೊತ್ತಕ್ಕೆ ದಿನದ ಬಡ್ಡಿ ಸೇರುತ್ತಾ ಹೋಗುತ್ತದೆ, ಹಾಗಾಗಿ ಡಿಡಿ ತೆಗೆಯುವ ದಿನಕ್ಕೆ ಹೊಂದುವಂತೆ ಹೊಸ ಪತ್ರ ತರಿಸಿ. ಕೆಲವು ನೂರು ರೂಪಾಯಿ ಕಡಿಮೆ ಬಿದ್ದರೂ ಖಾತೆ ಮುಚ್ಚುವುದಿಲ್ಲ.

ಹಳೇ ಸಾಲ ಎಂದೋ ತೀರಿಸಿದ್ದರೂ ಹಕ್ಕುಪತ್ರ ಒತ್ತೆಯಿಟ್ಟ ನೋಂದಣಿ ಇಸಿಯಲ್ಲಿ ಹಾಗೇ ಕಾಣುತ್ತಿದ್ದರೆ ನೋ ಡ್ಯೂಸ್ ಪತ್ರವೊಂದೇ ಸಾಲದು. ಆ ಬ್ಯಾಂಕಿನಿಂದ ಬಿಡುಗಡೆ ಪತ್ರ ಬರೆಸಿ ನೋಂದಣಿ ಮಾಡಿಸಬೇಕು. ಬ್ಯಾಂಕಿನ ಅಧಿಕೃತ ಸಹಿದಾರರು ಉಪನೋಂದಣಾಧಿಕಾರಿ ಕಚೇರಿಗೆ ಬರುವ ದಿನ ಗೊತ್ತುಮಾಡಲು ಸಮಯ ಹಿಡಿಯುತ್ತದೆ, ಮೊದಲೇ ಶುರು ಮಾಡಿಸಿ.

ಸಿರ್ಸಿಯಿಂದ

ಮೂಲ ಕ್ರಯಪತ್ರವೇ ಕಳೆದುಹೋಗಿದ್ದರೆ?

ಕಡತ_ನೋಡುವವ

ಪೊಲೀಸ್ ಇ-ಲಾಸ್ಟ್ ವರದಿ ಅಥವಾ ಠಾಣೆಯ ಹಿಂಬರಹ, ಒಂದು ಕನ್ನಡ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಪ್ರಕಟಣೆ, ಅಫಿಡವಿಟ್, ಉಪನೋಂದಣಾಧಿಕಾರಿ ಕಚೇರಿಯ ದೃಢೀಕೃತ ನಕಲು. ಇಷ್ಟಿದ್ದರೂ ಹಲವು ಬ್ಯಾಂಕುಗಳು ಹಿಂಜರಿಯುತ್ತವೆ, ಏಕೆಂದರೆ ಮೂಲ ಪತ್ರ ಕಳೆದಿಲ್ಲ, ಕೈಸಾಲಕ್ಕೆ ಯಾರ ಬಳಿಯೋ ಅಡವಿದೆ ಎಂಬ ಅನುಮಾನ ಯಾವಾಗಲೂ ಇರುತ್ತದೆ. ಹಳೆಯ ಕೊಂಡಿ ಪತ್ರ (ಹಿಂದಿನ ಮಾಲೀಕರ ಕಾಲದ್ದು) ಕಳೆದಿದ್ದರೆ ನಕಲಿನಲ್ಲಿ ನಡೆಯಬಹುದು. ಈಗಿನ ಮಾಲೀಕರ ಕ್ರಯಪತ್ರವೇ ಇಲ್ಲವೆಂದರೆ ಬ್ಯಾಂಕಿನಿಂದ ಲಿಖಿತ ಒಪ್ಪಿಗೆ ಬರುವವರೆಗೆ ಅಡ್ವಾನ್ಸ್ ಕೊಡಬೇಡಿ.

ಚೆಕ್ಕುಬಂದಿ

ಸಹಿ ಹಾಕುವ ದಿನದ್ದು ಎರಡು ವಿಷಯ. 2024ರ ಅಕ್ಟೋಬರ್ 1ರಿಂದ ಬ್ಯಾಂಕ್ ಕೊಡಲೇಬೇಕಾದ ಕೆಎಫ್‌ಎಸ್ ಎಂಬ ಮುಖ್ಯ ವಿವರಗಳ ಹಾಳೆಯನ್ನು ಕೇಳಿ ಪಡೆಯಿರಿ. ಬಡ್ಡಿ ಜೊತೆ ಎಲ್ಲ ಶುಲ್ಕ ಸೇರಿದ ವಾರ್ಷಿಕ ದರ ಅದರಲ್ಲಿರುತ್ತದೆ. ನಿಮಗೆ ಹೇಳದೆ ಸೇರಿಸಿದ ವಿಮೆಯ ಕಂತಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಮೂಲ ಪತ್ರ ಒಪ್ಪಿಸುವಾಗ ಪ್ರತಿ ಪತ್ರದ ದಸ್ತಾವೇಜು ಸಂಖ್ಯೆ, ದಿನಾಂಕ, ಪುಟಗಳ ಸಂಖ್ಯೆ, ಮೂಲವೋ ನಕಲೋ ಎಂಬುದನ್ನು ನಮೂದಿಸಿದ ಸ್ವೀಕೃತಿಗೆ ಬ್ಯಾಂಕಿನ ಮೊಹರು ಹಾಕಿಸಿ. ಸಾಲ ತೀರಿದ 30 ದಿನದಲ್ಲಿ ಪತ್ರಗಳನ್ನು ಹಿಂತಿರುಗಿಸಬೇಕು, ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಕೊಡಬೇಕು ಎಂಬ ಆರ್‌ಬಿಐ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. 20 ವರ್ಷದ ಮೇಲೆ ಕೇಳಲು ಹೋದಾಗ ಯಾವ ಪತ್ರ ಕೊಟ್ಟಿದ್ದೆವು ಎಂದು ತೋರಿಸಲು ಈ ಸ್ವೀಕೃತಿ ಬೇಕೇ ಬೇಕು. ಒಪ್ಪಿಸುವ ಮೊದಲು ಪ್ರತಿ ಪತ್ರವನ್ನೂ ಹಿಂದೆ ಮುಂದೆ, ಮೊಹರಿರುವ ಖಾಲಿ ಪುಟ ಸಹಿತ ಬಣ್ಣದಲ್ಲಿ ಸ್ಕ್ಯಾನ್ ಮಾಡಿಸಿ ಮನೆಯಲ್ಲಿ ಇಬ್ಬರ ಬಳಿ ಇಡಿ.